ಲಾರಾವೆಲ್ ಸೈಟಿನ ಸ್ಟೈಲ್ ಮಾಯವಾಯ್ತಾ? ವೀಟ್ ತೊಂದರೆ ಹುಡುಕುವ ಬಗೆ

ಪಿಎಚ್‌ಪಿ ಫ್ರೇಮ್‌ವರ್ಕ್ ಆದ ಲಾರಾವೆಲ್‌ನಲ್ಲಿ ಕಟ್ಟಿದ, ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಇದ್ದ ಸೈಟು ಸರ್ವರ್‌ಗೆ ಹೋದ ಮೇಲೆ ಬೋಳು ಬೋಳು. ಬಿಳಿ ಪುಟ, ನೀಲಿ ಗೆರೆಯ ಲಿಂಕುಗಳು, ಮೆನು ಇರಬೇಕಾದ ಕಡೆ ಚುಕ್ಕಿ ಇಟ್ಟ ಪಟ್ಟಿ. ಕೆಳಗೆ ಹೋದರೆ ಪರದೆ ತುಂಬುವಷ್ಟು ದೊಡ್ಡ ಎರಡು ಬಾಣ. ಬಾಣ ಕಂಡು ಗಾಬರಿಯಾಗುವವರೇ ಜಾಸ್ತಿ. ಅವು ಲಾರಾವೆಲ್‌ನ ಪೇಜಿನೇಷನ್ (ಹಿಂದಿನ, ಮುಂದಿನ ಪುಟಕ್ಕೆ ಹೋಗುವ) ಬಟನ್‌ಗಳು, ಅಷ್ಟೇ. ಎಸ್‌ವಿಜಿ ಚಿತ್ರಗಳು, ಎಷ್ಟು ಅಗಲ, ಎಷ್ಟು ಎತ್ತರ ಎಂದು ಅವಕ್ಕೆ ಹೇಳುವುದು ಟೇಲ್‌ವಿಂಡ್ ಎಂಬ ಸಿಎಸ್‌ಎಸ್ ಫ್ರೇಮ್‌ವರ್ಕ್‌ನ ಕ್ಲಾಸ್‌ಗಳು. ಟೇಲ್‌ವಿಂಡ್ ಬರದಿದ್ದರೆ ಹೇಳುವವರಿಲ್ಲ, ಸಿಕ್ಕಷ್ಟು ಜಾಗಕ್ಕೆ ಹರಡಿಕೊಳ್ಳುತ್ತವೆ. ಹಾಗಾಗಿ ದೊಡ್ಡ ಬಾಣ ಕಂಡರೆ ಒಂದು ವಿಷಯ ಗ್ಯಾರಂಟಿ: ಸ್ಟೈಲ್‌ಶೀಟ್ ಬಂದಿಲ್ಲ, ಅಥವಾ ಬಂದಿದ್ದರಲ್ಲಿ ಆ ಕ್ಲಾಸ್‌ಗಳಿಲ್ಲ. (ನಿಮ್ಮ ಪ್ರಾಜೆಕ್ಟ್ ಬೂಟ್‌ಸ್ಟ್ರ್ಯಾಪ್ ಎಂಬ ಇನ್ನೊಂದು ಸಿಎಸ್‌ಎಸ್ ಫ್ರೇಮ್‌ವರ್ಕ್‌ನಲ್ಲಿದ್ದರೆ ಮಾತು ಬೇರೆ. ಆಗ ಪೇಜಿನೇಟರ್‌ಗೆ ಬೂಟ್‌ಸ್ಟ್ರ್ಯಾಪ್ ಬಳಸು ಎಂದು ಆ್ಯಪ್ ಸರ್ವಿಸ್ ಪ್ರೊವೈಡರ್‌ನಲ್ಲಿ ಹೇಳಬೇಕು, ಬಾಣ ಸರಿಹೋಗುತ್ತದೆ.)

ಇಂಥ ಹೊತ್ತಲ್ಲಿ ಎಲ್ಲರ ಕೈ ಮೊದಲು ಹೋಗುವುದು ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಕಡೆಗೆ. ಅಳಿಸು, ಮತ್ತೆ ಇನ್‌ಸ್ಟಾಲ್ ಮಾಡು, ಕ್ಯಾಶ್ ಕ್ಲಿಯರ್ ಮಾಡು, ಸರ್ವರ್ ರೀಸ್ಟಾರ್ಟ್ ಮಾಡು. ಅರ್ಧ ದಿನ ಹೋಗುತ್ತದೆ. ಕೆಲವೊಮ್ಮೆ ಸರಿಯೂ ಆಗುತ್ತದೆ, ಆದರೆ ಯಾಕೆ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತದೇ ಕಥೆ. ಟರ್ಮಿನಲ್ ಮುಟ್ಟುವ ಮೊದಲು ಬ್ರೌಸರ್ ಯಾವ ವಿಳಾಸ ಕೇಳುತ್ತಿದೆ ಎಂದು ಓದಿ. ಈ ತೊಂದರೆಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನಲ್ಲೇ ಸಿಕ್ಕಿಬೀಳುತ್ತವೆ.

@ವೀಟ್ ಮಾಡುವುದು ಇಷ್ಟೇ

ಸ್ಟೈಲ್, ಸ್ಕ್ರಿಪ್ಟ್‌ಗಳನ್ನು ಬ್ರೌಸರ್‌ಗೆ ತಯಾರು ಮಾಡಿಕೊಡುವ (ಬಿಲ್ಡ್ ಮಾಡುವ) ಕೆಲಸಕ್ಕೆ ಲಾರಾವೆಲ್ 2022ರಲ್ಲಿ ಮಿಕ್ಸ್ ಎಂಬ ಹಳೆಯ ಸಾಧನ ಬಿಟ್ಟು ವೀಟ್‌ಗೆ ಬಂತು. ಅಂದಿನಿಂದ ಹೊಸ ಪ್ರಾಜೆಕ್ಟ್‌ನಲ್ಲಿ ಬ್ಲೇಡ್ (ಲಾರಾವೆಲ್‌ನ ಟೆಂಪ್ಲೇಟ್) ಲೇಔಟ್‌ನ ಹೆಡ್ ಭಾಗದಲ್ಲಿ @ವೀಟ್ ಎಂಬ ಒಂದು ಸಾಲು ಇರುತ್ತದೆ. ಪುಟ ತಯಾರಾಗುವಾಗ ಅದು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತದೆ: ಪಬ್ಲಿಕ್ ಫೋಲ್ಡರ್‌ನಲ್ಲಿ ‘ಹಾಟ್’ ಎಂಬ ಫೈಲ್ ಇದೆಯಾ?

ಇದ್ದರೆ, ಅದರೊಳಗೆ ಒಂದು ವಿಳಾಸ ಬರೆದಿರುತ್ತದೆ. ಸಾಮಾನ್ಯವಾಗಿ ಲೋಕಲ್‌ಹೋಸ್ಟ್, ಪೋರ್ಟ್ 5173. ಸ್ಟೈಲ್, ಸ್ಕ್ರಿಪ್ಟ್ ಎಲ್ಲ ಅಲ್ಲಿಂದ ತಗೋ ಎಂದು ಬ್ರೌಸರ್‌ಗೆ ಹೇಳುತ್ತದೆ. ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಮ್ಯಾನೇಜರ್) ರನ್ ಡೆವ್ ಕೊಟ್ಟು ವೀಟ್‌ನ ಡೆವ್ ಸರ್ವರ್ ಓಡಿಸಿದಾಗ ಈ ಫೈಲ್ ಹುಟ್ಟುತ್ತದೆ, ನಿಲ್ಲಿಸಿದಾಗ ಅಳಿಯುತ್ತದೆ.

ಇಲ್ಲದಿದ್ದರೆ, ಪಬ್ಲಿಕ್ ಒಳಗಿನ ಬಿಲ್ಡ್ ಫೋಲ್ಡರ್‌ಗೆ ಹೋಗಿ ಮ್ಯಾನಿಫೆಸ್ಟ್ ಎಂಬ ಜೇಸನ್ ಫೈಲ್ ಓದುತ್ತದೆ. ನಿಮ್ಮ ಆ್ಯಪ್ ಸಿಎಸ್‌ಎಸ್ ಬಿಲ್ಡ್ ಆದ ಮೇಲೆ ಯಾವ ಹೆಸರಿಗೆ ಬದಲಾಗಿದೆ ಎಂದು ಅಲ್ಲಿ ಇರುತ್ತದೆ. ಆ ಹೆಸರಿನ ಬಾಲದಲ್ಲಿ ಎಂಟು ಅಕ್ಷರದ ಗೋಜಲು ಇರುತ್ತದಲ್ಲ, ಅದು ಫೈಲ್‌ನ ಒಳಗಿರುವುದರ ಮೇಲೆ ಲೆಕ್ಕ ಹಾಕಿದ್ದು. ಒಳಗೆ ಬದಲಾದರೆ ಹೆಸರೂ ಬದಲಾಗುತ್ತದೆ.

ಈಗ ಸೈಟ್ ತೆರೆದು ಕಂಟ್ರೋಲ್ ಯು ಒತ್ತಿ. ಪುಟದ ಸೋರ್ಸ್ ಬರುತ್ತದೆ. ಅದರಲ್ಲಿ ಸ್ಟೈಲ್‌ಶೀಟ್ ಎಂದು ಹುಡುಕಿ, ಮುಂದಿರುವ ವಿಳಾಸ ಪೂರ್ತಿ ಓದಿ. ಎಚ್‌ಟಿಟಿಪಿಯಿಂದ ಶುರು ಮಾಡಿ ಕೊನೆಯ ಅಕ್ಷರದ ತನಕ.

ವಿಳಾಸದಲ್ಲಿ 5173 ಕಂಡರೆ

ಸರ್ವರ್ ಮೇಲೆ ಹಾಟ್ ಫೈಲ್ ಕೂತಿದೆ. ಅಳಿಸಿ. ಮುಗಿಯಿತು.

ಅದು ಅಲ್ಲಿಗೆ ಹೋಗಿದ್ದು ಹೇಗೆ? ಲಾರಾವೆಲ್‌ನ ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿ) ಹಾಟ್ ಮೊದಲೇ ಇದೆ, ಹಾಗಾಗಿ ಗಿಟ್ ಮೂಲಕ ಹೋಗುವುದಿಲ್ಲ. ಇಡೀ ಫೋಲ್ಡರ್ ಜಿಪ್ ಮಾಡಿ ಸೀಪ್ಯಾನೆಲ್‌ನಲ್ಲಿ (ಹೋಸ್ಟಿಂಗ್ ನಿರ್ವಹಣೆಯ ಪ್ಯಾನೆಲ್) ಅಪ್‌ಲೋಡ್ ಮಾಡಿದರೆ, ಆಗ ಡೆವ್ ಸರ್ವರ್ ಓಡುತ್ತಿದ್ದರೆ, ಖಂಡಿತ ಹೋಗುತ್ತದೆ. ಟರ್ಮಿನಲ್ ಕಿಟಕಿಯನ್ನು ಸುಮ್ನೆ ಮುಚ್ಚಿದಾಗಲೋ ಕರೆಂಟ್ ಹೋದಾಗಲೋ ಫೈಲ್ ಅಳಿಯದೆ ಉಳಿದುಬಿಡುವುದೂ ಉಂಟು.

ಇದರ ಮಜಾ ಏನೆಂದರೆ, ಕ್ಲೈಂಟ್ ಫೋನ್ ಮಾಡಿ ‘ಏನೂ ಸರಿ ಕಾಣ್ತಿಲ್ಲ ಸರ್’ ಅನ್ನುತ್ತಾರೆ. ನೀವು ತೆರೆದು ನೋಡಿದರೆ ಬಣ್ಣ, ಮೆನು ಎಲ್ಲ ಇರಬಹುದು. ಇಬ್ಬರೂ ಹೇಳುತ್ತಿರುವುದು ನಿಜ. ಲೋಕಲ್‌ಹೋಸ್ಟ್ ಅಂದರೆ ಯಾರು ನೋಡುತ್ತಿದ್ದಾರೋ ಅವರದೇ ಕಂಪ್ಯೂಟರ್. ನಿಮ್ಮದರಲ್ಲಿ ಡೆವ್ ಸರ್ವರ್ ಓಡುತ್ತಿದೆ, ಅದು ಸ್ಟೈಲ್ ಕೊಡುತ್ತಿದೆ. ಅವರದರಲ್ಲಿ ಕೊಡುವವರು ಯಾರೂ ಇಲ್ಲ. ಆದ್ದರಿಂದ ಲೈವ್ ಸೈಟ್ ಪರೀಕ್ಷೆ ಮಾಡುವಾಗ ಡೆವ್ ಸರ್ವರ್ ನಿಲ್ಲಿಸಿಯೇ ಮಾಡಿ.

ಪುಟವೇ ಬರದೆ ‘ವೀಟ್ ಮ್ಯಾನಿಫೆಸ್ಟ್ ನಾಟ್ ಫೌಂಡ್’ ಎಂದರೆ

ಇದು ಒಳ್ಳೆಯ ಎರರ್. ಯಾವ ದಾರಿಯಲ್ಲಿ ಹುಡುಕಿದೆ ಎಂದು ಪೂರ್ತಿ ಹೇಳುತ್ತದೆ, ಜನ ಆ ದಾರಿ ಓದುವುದಿಲ್ಲ ಅಷ್ಟೇ. (ಲೈವ್ ಸರ್ವರ್‌ನಲ್ಲಿ ಡೀಬಗ್ ಆಫ್ ಇರುತ್ತದೆ, ಬರೀ 500 ಕಾಣಿಸುತ್ತದೆ. ಆಗ ಸ್ಟೋರೇಜ್ ಒಳಗಿನ ಲಾಗ್ ಫೈಲ್‌ನಲ್ಲಿ ನೋಡಿ.)

ಮಾಮೂಲಿ ಕಾರಣ: ಗಿಟ್ ಪುಲ್ ಮಾಡಿದ್ದೀರಿ, ಬಿಲ್ಡ್ ಮಾಡಿಲ್ಲ. ಬಿಲ್ಡ್ ಫೋಲ್ಡರ್ ಕೂಡ ಗಿಟ್‌ಇಗ್ನೋರ್‌ನಲ್ಲಿದೆ, ಆದ್ದರಿಂದ ಅದು ತಾನಾಗಿ ಸರ್ವರ್‌ಗೆ ಬರುವುದಿಲ್ಲ. ಸರ್ವರ್‌ನಲ್ಲಿ ನೋಡ್ ಜೆಎಸ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಇದ್ದರೆ ಅಲ್ಲೇ ಎನ್‌ಪಿಎಂ ರನ್ ಬಿಲ್ಡ್ ಕೊಡಿ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಇಲ್ಲವಾದರೆ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡಿ ಆ ಫೋಲ್ಡರ್ ಮಾತ್ರ ಮೇಲೆ ಹಾಕಿ. ಲೈವ್ ಸೈಟ್ ನಡೆಯಲು ನೋಡ್ ಜೆಎಸ್ ಬೇಕಾಗಿಲ್ಲ. ಬಿಲ್ಡ್ ಆದ ಮೇಲೆ ಅವು ಬರೀ ಫೈಲ್‌ಗಳು.

ಎರಡನೆಯದು ಸೀಪ್ಯಾನೆಲ್ ಬಳಸುವವರಿಗೆ ಗೊತ್ತಿರುವ ತಲೆನೋವು. ಪಬ್ಲಿಕ್ ಒಳಗಿದ್ದದ್ದನ್ನೆಲ್ಲ ತೆಗೆದು ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್‌ಗೆ ಹಾಕಿರುತ್ತಾರೆ. ಲಾರಾವೆಲ್‌ಗೆ ಅದು ಗೊತ್ತಿಲ್ಲ. ಅದು ಇನ್ನೂ ಪ್ರಾಜೆಕ್ಟ್‌ನ ಹಳೆಯ ಪಬ್ಲಿಕ್‌ನಲ್ಲೇ ಮ್ಯಾನಿಫೆಸ್ಟ್ ಹುಡುಕುತ್ತದೆ. ಎರರ್‌ನಲ್ಲಿ ಬಂದ ದಾರಿಯನ್ನೂ ಫೈಲ್ ಇರುವ ದಾರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಡೊಮೇನ್‌ನ ಡಾಕ್ಯುಮೆಂಟ್ ರೂಟ್ ಅನ್ನೇ ಪ್ರಾಜೆಕ್ಟ್‌ನ ಪಬ್ಲಿಕ್‌ಗೆ ತಿರುಗಿಸುವುದು ಸರಿಯಾದ ದಾರಿ. ಆಗದಿದ್ದರೆ ಪಬ್ಲಿಕ್ ಪಾತ್ ಬದಲಾಗಿದೆ ಎಂದು ಲಾರಾವೆಲ್‌ಗೆ ಕೋಡ್‌ನಲ್ಲಿ ಹೇಳಬೇಕು. ಮ್ಯಾನಿಫೆಸ್ಟ್ ಒಂದನ್ನೇ ಎರಡೂ ಕಡೆ ಕಾಪಿ ಮಾಡಿ ಇಡುವವರನ್ನು ನೋಡಿದ್ದೇನೆ. ಮುಂದಿನ ಬಿಲ್ಡ್‌ನಲ್ಲಿ ಒಂದು ಕಡೆ ಮರೆಯುತ್ತಾರೆ, ಇನ್ನೊಂದು ತೊಂದರೆ ಶುರು.

ಮೂರನೆಯದು ಅಪ್‌ಗ್ರೇಡ್ ಮಾಡಿದಾಗ. ವೀಟ್ 5ರಿಂದ ಮ್ಯಾನಿಫೆಸ್ಟ್ ಬಿಲ್ಡ್ ಒಳಗಿನ ‘ಡಾಟ್ ವೀಟ್’ ಎಂಬ ಮುಚ್ಚಿಟ್ಟ ಫೋಲ್ಡರ್‌ಗೆ ಹೋಯಿತು. ಲಾರಾವೆಲ್‌ನ ವೀಟ್ ಪ್ಲಗಿನ್ 1.0 ಅದನ್ನು ಹಳೆಯ ಜಾಗಕ್ಕೇ ತಂದು ಇಡುತ್ತದೆ. ವೀಟ್ ಮಾತ್ರ ಮೇಲೇರಿಸಿ ಪ್ಲಗಿನ್ ಹಳೆಯದೇ ಬಿಟ್ಟರೆ ಬಿಲ್ಡ್ ಹಸಿರು ಬಣ್ಣದಲ್ಲಿ ಮುಗಿಯುತ್ತದೆ, ಸೈಟ್ ಮಾತ್ರ ಏಳುವುದಿಲ್ಲ.

‘ಅನೇಬಲ್ ಟು ಲೊಕೇಟ್ ಫೈಲ್ ಇನ್ ವೀಟ್ ಮ್ಯಾನಿಫೆಸ್ಟ್’ ಎಂದು ಬಂದರೆ ಅದು ಬೇರೆ. ಮ್ಯಾನಿಫೆಸ್ಟ್ ಸಿಕ್ಕಿದೆ, ಬ್ಲೇಡ್‌ನಲ್ಲಿ ಕೇಳಿದ ಫೈಲ್ ಅದರಲ್ಲಿಲ್ಲ. ವೀಟ್ ಕಾನ್ಫಿಗ್‌ನ ಇನ್‌ಪುಟ್ ಪಟ್ಟಿಗೆ ಆ ಫೈಲ್ ಸೇರಿಸಿ ಮತ್ತೆ ಬಿಲ್ಡ್ ಮಾಡಿ. ಲೋಗೋ, ಚಿತ್ರಗಳಿಗೆ ಈ ಎರರ್ ಬಂದರೆ, ಚಿತ್ರಗಳ ಫೋಲ್ಡರ್ ಅನ್ನು ಆ್ಯಪ್ ಜೆಎಸ್ ಒಳಗೆ ಗ್ಲಾಬ್ ಇಂಪೋರ್ಟ್ (ಒಂದೇ ಸಾಲಿನಲ್ಲಿ ಫೋಲ್ಡರ್‌ನ ಫೈಲ್‌ಗಳನ್ನೆಲ್ಲ ಸೇರಿಸುವುದು) ಮಾಡಬೇಕು. ಬ್ಲೇಡ್‌ನಲ್ಲಿ ಮಾತ್ರ ಹೆಸರು ಬರೆದರೆ ವೀಟ್‌ಗೆ ಅದು ಕಾಣುವುದಿಲ್ಲ.

ವಿಳಾಸ ಬಿಲ್ಡ್ ಕಡೆಗೇ ಇದೆ, ಫೈಲ್ ಬರುತ್ತಿಲ್ಲ

ಆ ವಿಳಾಸವನ್ನೇ ಕಾಪಿ ಮಾಡಿ ಹೊಸ ಟ್ಯಾಬ್‌ನಲ್ಲಿ ತೆರೆಯಿರಿ.

404 ಬಂದರೆ ಅಪ್‌ಲೋಡ್ ಅರ್ಧವಾಗಿದೆ: ಮ್ಯಾನಿಫೆಸ್ಟ್ ಹೊಸದು, ಅಸೆಟ್ಸ್ ಫೋಲ್ಡರ್ ಹಳೆಯದು. ಅಥವಾ ಉಲ್ಟಾ. ಪ್ರತಿ ಬಿಲ್ಡ್‌ನಲ್ಲೂ ವೀಟ್ ಹಳೆಯ ಫೋಲ್ಡರ್ ಖಾಲಿ ಮಾಡಿ ಹೊಸ ಫೈಲ್ ಬರೆಯುತ್ತದೆ. ಪುಟವನ್ನು ಸಿಡಿಎನ್ (ಪ್ರತಿ ಇಟ್ಟುಕೊಂಡು ಹಂಚುವ ಸರ್ವರ್‌ಗಳು) ಅಥವಾ ಯಾವುದಾದರೂ ಪೇಜ್ ಕ್ಯಾಶ್ ಹಿಡಿದಿಟ್ಟುಕೊಂಡಿದ್ದರೆ ಅದು ಹಳೆಯ ಹೆಸರನ್ನೇ ಕೇಳುತ್ತದೆ, ಆ ಫೈಲ್ ಈಗಿಲ್ಲ. ಇಲ್ಲಿ ಕ್ಯಾಶ್ ಕ್ಲಿಯರ್ ಮಾಡುವುದಕ್ಕೆ ಅರ್ಥವಿದೆ.

ಸ್ಟೈಲ್‌ಶೀಟ್ ಬದಲು ನಿಮ್ಮ ಹೋಮ್‌ಪೇಜ್ ತೆರೆದುಕೊಂಡರೂ 404 ಅಂತಲೇ ತಿಳಿಯಿರಿ. ಸಿಗದ ಎಲ್ಲ ವಿಳಾಸಕ್ಕೂ ಹೋಮ್‌ಪೇಜ್ ಕೊಡು ಎಂದು ಯಾರೋ ಸರ್ವರ್‌ಗೆ ಅಥವಾ ರೂಟ್ಸ್ ಫೈಲ್‌ಗೆ ಹೇಳಿಟ್ಟಿದ್ದಾರೆ. ಕನ್ಸೋಲ್‌ನಲ್ಲಿ ಮೈಮ್ ಟೈಪ್ (ಫೈಲ್ ಯಾವ ಬಗೆಯದು ಎಂಬ ಗುರುತು) ‘ಟೆಕ್ಸ್ಟ್ ಎಚ್‌ಟಿಎಂಎಲ್’ ಎಂದು ಗೊಣಗುವುದು ಇದಕ್ಕೇ. ಮೈಮ್ ಟೈಪ್ ಸೆಟ್ಟಿಂಗ್ ಹುಡುಕಿಕೊಂಡು ಹೋಗಬೇಡಿ, ಫೈಲ್ ಎಲ್ಲಿ ಹೋಯಿತು ನೋಡಿ.

ಫೈಲ್ ಸರಿಯಾಗಿ ತೆರೆಯುತ್ತದೆ, ಪುಟದಲ್ಲಿ ಮಾತ್ರ ಕೆಲಸ ಮಾಡುತ್ತಿಲ್ಲ ಅಂದರೆ ವಿಳಾಸದ ಶುರು ನೋಡಿ. ಪುಟ ಎಚ್‌ಟಿಟಿಪಿಎಸ್, ಸ್ಟೈಲ್‌ಶೀಟ್ ಬರೀ ಎಚ್‌ಟಿಟಿಪಿ? ಬ್ರೌಸರ್ ಅದನ್ನು ತಡೆಯುತ್ತದೆ. ಕ್ಲೌಡ್‌ಫ್ಲೇರ್‌ನಂಥದ್ದೋ ಲೋಡ್ ಬ್ಯಾಲೆನ್ಸರೋ ಮುಂದೆ ನಿಂತು ಎಸ್‌ಎಸ್‌ಎಲ್ ಬಿಚ್ಚಿ, ಹಿಂದಿನ ಸರ್ವರ್‌ಗೆ ಎಚ್‌ಟಿಟಿಪಿಯಲ್ಲಿ ಕಳಿಸುತ್ತಿದೆ. ಲಾರಾವೆಲ್ ತನಗೆ ಕಂಡಂತೆ ವಿಳಾಸ ಬರೆಯುತ್ತಿದೆ. ಮುಂದೆ ನಿಂತ ಈ ಪ್ರಾಕ್ಸಿಯ ಮಾತು ನಂಬು ಎಂದು ಲಾರಾವೆಲ್‌ಗೆ ಹೇಳುವ ಟ್ರಸ್ಟ್ ಪ್ರಾಕ್ಸೀಸ್ ಸೆಟ್ಟಿಂಗ್ ಸರಿಮಾಡಿ. ಲಾರಾವೆಲ್ 11ರಿಂದ ಅದು ಲಾರಾವೆಲ್‌ನದೇ ಬೂಟ್‌ಸ್ಟ್ರ್ಯಾಪ್ (ಸಿಎಸ್‌ಎಸ್ ಬೂಟ್‌ಸ್ಟ್ರ್ಯಾಪ್ ಅಲ್ಲ) ಫೋಲ್ಡರ್‌ನ ಆ್ಯಪ್ ಫೈಲ್‌ನಲ್ಲಿದೆ. ಅದಕ್ಕೂ ಮುಂಚಿನವುಗಳಲ್ಲಿ ಮಿಡಲ್‌ವೇರ್ ಫೋಲ್ಡರ್‌ನಲ್ಲಿತ್ತು. ಎಲ್ಲ ಪ್ರಾಕ್ಸಿಯನ್ನೂ ನಂಬು ಎಂದು ನಕ್ಷತ್ರ ಚಿಹ್ನೆ ಹಾಕುವ ಮುನ್ನ, ಸರ್ವರ್‌ಗೆ ಪ್ರಾಕ್ಸಿ ಬಿಟ್ಟು ಬೇರೆ ಯಾರೂ ನೇರವಾಗಿ ಬರಲಾರರು ಎಂಬುದು ಖಾತ್ರಿ ಇರಲಿ.

ಇನ್ನೊಂದು, ಕನ್ನಡ ಸೈಟ್ ಮಾಡುವವರಿಗೆ. ಬಣ್ಣ, ಅಂತರ ಎಲ್ಲ ಬಂದಿದೆ, ನೀವು ಹಾಕಿದ ನೋಟೊ ಸಾನ್ಸ್ ಕನ್ನಡ ಮಾತ್ರ ಬರದೆ ಅಕ್ಷರ ಸಿಸ್ಟಂ ಫಾಂಟ್‌ನಲ್ಲಿ ಕಾಣುತ್ತಿದೆಯಾ? ನೆಟ್‌ವರ್ಕ್ ಟ್ಯಾಬ್‌ನಲ್ಲಿ ಫಾಂಟ್ ಎಂದು ಫಿಲ್ಟರ್ ಮಾಡಿ. ಸೈಟ್ ಡೊಮೇನ್‌ನ ಒಳಗೊಂದು ಸಬ್‌ಫೋಲ್ಡರ್‌ನಲ್ಲಿದ್ದರೆ ಕಾರಣ ಅಲ್ಲೇ ಇದೆ. ಸ್ಟೈಲ್‌ಶೀಟ್‌ನ ವಿಳಾಸವನ್ನು ಲಾರಾವೆಲ್ ಪುಟ ಕೊಡುವಾಗ ಬರೆಯುತ್ತದೆ, ಸಬ್‌ಫೋಲ್ಡರ್ ಅದಕ್ಕೆ ಗೊತ್ತು. ಸ್ಟೈಲ್‌ಶೀಟ್ ಒಳಗಿನ ಫಾಂಟ್ ವಿಳಾಸವನ್ನು ವೀಟ್ ಬಿಲ್ಡ್ ಮಾಡುವಾಗಲೇ ಬರೆದುಬಿಡುತ್ತದೆ, ಅದಕ್ಕೆ ಸಬ್‌ಫೋಲ್ಡರ್ ಗೊತ್ತಿಲ್ಲ. ಹಾಗಾಗಿ ಡೊಮೇನ್‌ನ ಬುಡದಲ್ಲೇ ಬಿಲ್ಡ್ ಹುಡುಕಿ 404 ತಿನ್ನುತ್ತದೆ. ಇಎನ್‌ವಿ ಫೈಲ್‌ನಲ್ಲಿ ಅಸೆಟ್ ಯುಆರ್‌ಎಲ್ ಕೊಡಿ. ಸರ್ವರ್‌ನಲ್ಲಿ ಕೊಟ್ಟರೆ ಸಾಲದು, ಬಿಲ್ಡ್ ಮಾಡುವ ಮಷೀನ್‌ನಲ್ಲೂ ಇರಬೇಕು.

ಫೈಲ್ ಬಂದಿದೆ, ಆದರೂ ಅರ್ಧ ಸ್ಟೈಲ್ ಇಲ್ಲ

ಇಲ್ಲಿಂದ ವೀಟ್ ತಪ್ಪಿಸಿಕೊಂಡಿತು, ಟೇಲ್‌ವಿಂಡ್ ಸಿಕ್ಕಿತು. ಟೇಲ್‌ವಿಂಡ್ ನಿಮ್ಮ ಫೈಲ್‌ಗಳನ್ನು ಬರೀ ಅಕ್ಷರಗಳೆಂದು ಓದುತ್ತದೆ. ಪಿಎಚ್‌ಪಿ ಓಡಿಸುವುದಿಲ್ಲ. ಕಣ್ಣಿಗೆ ಪೂರ್ತಿ ಬಿದ್ದ ಕ್ಲಾಸ್ ಹೆಸರಿಗೆ ಮಾತ್ರ ಸಿಎಸ್‌ಎಸ್ ಬರೆಯುತ್ತದೆ. ಬ್ಲೇಡ್‌ನಲ್ಲಿ ‘ಬಿಜಿ’, ಆಮೇಲೆ ಬಣ್ಣದ ವೇರಿಯಬಲ್, ಆಮೇಲೆ 500 ಎಂದು ಜೋಡಿಸಿ ಕ್ಲಾಸ್ ಕಟ್ಟಿದರೆ ಅದಕ್ಕೆ ಅಂಥ ಕ್ಲಾಸ್ ಇರುವುದೇ ತಿಳಿಯದು. ಪೂರ್ತಿ ಹೆಸರುಗಳನ್ನು ಒಂದು ಅರೇಯಲ್ಲಿ ಬರೆದು ಅದರಿಂದ ಆರಿಸಿ. ಎಷ್ಟೋ ಸಲ ಕೆಂಪು ಬರುತ್ತದೆ, ಹಳದಿ ಬರುವುದಿಲ್ಲ. ಕೆಂಪನ್ನು ಬೇರೆ ಎಲ್ಲೋ ಪೂರ್ತಿಯಾಗಿ ಬರೆದಿರುತ್ತೀರಿ, ಅದಕ್ಕೆ.

ಅಡ್ಮಿನ್ ಪ್ಯಾನೆಲ್‌ನಿಂದ ಡೇಟಾಬೇಸ್‌ಗೆ ಹೋದ ಕ್ಲಾಸ್‌ಗಳದೂ ಇದೇ ಪಾಡು. ಅವು ಯಾವ ಫೈಲ್‌ನಲ್ಲೂ ಇಲ್ಲ. ಟೇಲ್‌ವಿಂಡ್ 3ರಲ್ಲಿ ಸೇಫ್‌ಲಿಸ್ಟ್‌ಗೆ ಹಾಕಬೇಕು, 4.1ರಿಂದ @ಸೋರ್ಸ್ ಇನ್‌ಲೈನ್ ಎಂದು ಸ್ಟೈಲ್‌ಶೀಟ್‌ನಲ್ಲೇ ಬರೆಯಬಹುದು.

ತೀರಾ ಗೊಂದಲದ ಒಂದು ಪ್ರಕರಣ ಇದೆ: ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡಿದರೆ ಸರಿ, ಸಿಐ ಮಷೀನ್‌ನಲ್ಲಿ (ಕೋಡ್ ತಾನಾಗಿ ಬಿಲ್ಡ್ ಆಗುವ ಕಂಪ್ಯೂಟರ್) ಅದೇ ಕೋಡ್ ಬಿಲ್ಡ್ ಮಾಡಿದರೆ ಒಂದು ಪ್ಯಾಕೇಜ್‌ನ ಪುಟ ಬೋಳು. ಪ್ಯಾಕೇಜ್ ವರ್ಷನ್‌ಗಳನ್ನು ದಾಖಲಿಸುವ ಲಾಕ್ ಫೈಲ್ ಒಂದೇ, ವರ್ಷನ್ ಒಂದೇ. ಕಾರಣ ಸ್ಟೋರೇಜ್ ಒಳಗಿನ ವ್ಯೂಸ್ ಫೋಲ್ಡರ್. ಒಂದು ಪುಟ ತೆರೆದಾಗೆಲ್ಲ ಲಾರಾವೆಲ್ ಅದರ ಕಂಪೈಲ್ ಆದ ಪ್ರತಿ ಅಲ್ಲಿಡುತ್ತದೆ. ಲಾರಾವೆಲ್ ಕೊಡುವ ಟೇಲ್‌ವಿಂಡ್ ಸೆಟ್ಟಿಂಗ್‌ನಲ್ಲಿ ಆ ಫೋಲ್ಡರ್ ಕೂಡ ಓದುವ ಪಟ್ಟಿಯಲ್ಲಿದೆ. ನೀವು ಲ್ಯಾಪ್‌ಟಾಪ್‌ನಲ್ಲಿ ಆ ಪ್ಯಾಕೇಜ್‌ನ ಪುಟ ತೆರೆದು ನೋಡಿದ್ದೀರಿ, ಅದರ ಪ್ರತಿ ಅಲ್ಲಿದೆ, ಟೇಲ್‌ವಿಂಡ್‌ಗೆ ಕ್ಲಾಸ್ ಸಿಕ್ಕಿತು. ಸಿಐ ಮಷೀನ್ ಹೊಸದು, ಅಲ್ಲಿ ಯಾರೂ ಯಾವ ಪುಟವನ್ನೂ ತೆರೆದಿಲ್ಲ. ಪರೀಕ್ಷೆ ಸುಲಭ: ಆರ್ಟಿಸನ್ ವ್ಯೂ ಕ್ಲಿಯರ್ ಕೊಟ್ಟು ಲ್ಯಾಪ್‌ಟಾಪ್‌ನಲ್ಲೇ ಬಿಲ್ಡ್ ಮಾಡಿ. ಅಲ್ಲೂ ಸ್ಟೈಲ್ ಹೋದರೆ ಕಳ್ಳ ಸಿಕ್ಕ ಹಾಗೆ. ಆ ಪ್ಯಾಕೇಜ್‌ನ ವ್ಯೂಸ್ ದಾರಿಯನ್ನು @ಸೋರ್ಸ್‌ನಲ್ಲಿ ಸೇರಿಸಿ. ವೆಂಡರ್ ಫೋಲ್ಡರ್ ಗಿಟ್‌ಇಗ್ನೋರ್‌ನಲ್ಲಿ ಇರುವುದರಿಂದ ಟೇಲ್‌ವಿಂಡ್ 4 ತಾನಾಗಿ ಅದನ್ನು ಓದುವುದಿಲ್ಲ. ಪೇಜಿನೇಷನ್ ಬಾಣಕ್ಕೂ ಲಾರಾವೆಲ್ ಇಂಥದ್ದೇ ಒಂದು ಸಾಲು ಹಾಕಿಕೊಟ್ಟಿರುತ್ತದೆ. ಇದೇನು ಬೇಡದ್ದು ಎಂದು ಅದನ್ನು ಅಳಿಸಿದರೆ ಬಾಣ ಮತ್ತೆ ಬೆಳೆಯುತ್ತದೆ.

ಒಂದು ಸ್ಟೈಲೂ ಇಲ್ಲ ಅಂದರೆ 3 ಮತ್ತು 4 ಕಲಬೆರಕೆಯಾಗಿವೆಯಾ ನೋಡಿ. ಟೇಲ್‌ವಿಂಡ್ 4 ಬಂದಿದ್ದು 2025ರ ಜನವರಿಯಲ್ಲಿ. ಅದಕ್ಕೂ ಹಿಂದಿನ ಪಾಠ ನೋಡಿಕೊಂಡು ಇನ್‌ಸ್ಟಾಲ್ ಮಾಡಿದರೆ ಬರುವುದು 4, ಬರೆಯುವುದು 3. ಹಳೆಯ ಇನಿಟ್ ಕಮಾಂಡ್ ‘ಕುಡ್ ನಾಟ್ ಡಿಟರ್ಮಿನ್ ಎಕ್ಸಿಕ್ಯೂಟಬಲ್ ಟು ರನ್’ ಎಂದು ಬೀಳುವುದು ಇದರ ಮೊದಲ ಗುರುತು. 4ರಲ್ಲಿ @ಟೇಲ್‌ವಿಂಡ್ ಎಂಬ ಮೂರು ಸಾಲು ಹೋಗಿ ಒಂದೇ @ಇಂಪೋರ್ಟ್ ಸಾಲು ಬಂದಿದೆ. ಪೋಸ್ಟ್‌ಸಿಎಸ್‌ಎಸ್ ಪ್ಲಗಿನ್ ಬೇರೆ ಪ್ಯಾಕೇಜ್ ಆಗಿದೆ, ವೀಟ್‌ಗೆ ಅದರದೇ ಪ್ಲಗಿನ್ ಇದೆ. ಹಳೆಯ ಟೇಲ್‌ವಿಂಡ್ ಕಾನ್ಫಿಗ್ ಫೈಲ್ ಪ್ರಾಜೆಕ್ಟ್‌ನಲ್ಲಿದ್ದರೂ @ಕಾನ್ಫಿಗ್ ಎಂದು ಕರೆಯದಿದ್ದರೆ ಅದನ್ನು ಮುಟ್ಟುವುದೂ ಇಲ್ಲ. ನಿಮ್ಮ ಕಂಪನಿ ಬಣ್ಣಗಳಷ್ಟೇ ಮಾಯವಾಗಿದ್ದರೆ ಇದೇ ಕಾರಣ ಇರಬಹುದು. ಇನ್ನು, 4ಕ್ಕೆ ಸಫಾರಿ 16.4, ಕ್ರೋಮ್ 111, ಫೈರ್‌ಫಾಕ್ಸ್ 128 ಅಥವಾ ಅದಕ್ಕಿಂತ ಹೊಸದು ಬೇಕು. ಹಳೆಯ ಐಫೋನ್ ಇರುವ ಒಬ್ಬರಿಗೆ ಮಾತ್ರ ಪುಟ ಕೆಟ್ಟು ಕಾಣುತ್ತಿದ್ದರೆ ಕೋಡ್ ಕೆದಕಬೇಡಿ, ವರ್ಷನ್ ಕೇಳಿ. ಅಂಥ ಬಳಕೆದಾರರು ಜಾಸ್ತಿ ಇದ್ದರೆ 3ರಲ್ಲೇ ಇರುವುದು ಮೇಲು.

‘ಡಾಲರ್ ಈಸ್ ನಾಟ್ ಡಿಫೈನ್ಡ್’

ಮಿಕ್ಸ್‌ನಿಂದ ವೀಟ್‌ಗೆ ಬಂದ ಹಳೆಯ ಪ್ರಾಜೆಕ್ಟ್‌ಗಳ ಕಾಯಂ ದೂರು. ಜೆಕ್ವೆರಿ (ಡಾಲರ್ ಚಿಹ್ನೆಯಿಂದ ಕರೆಯುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಇನ್‌ಸ್ಟಾಲ್ ಆಗಿದೆ, ಆ್ಯಪ್ ಜೆಎಸ್‌ನಲ್ಲಿ ಇಂಪೋರ್ಟ್ ಆಗಿದೆ, ಪುಟದ ಸ್ಕ್ರಿಪ್ಟ್‌ಗೆ ಮಾತ್ರ ಡಾಲರ್ ಸಿಗುವುದಿಲ್ಲ.

ವೀಟ್ ಸ್ಕ್ರಿಪ್ಟ್‌ಗಳನ್ನು ಮಾಡ್ಯೂಲ್ ಎಂದು ಹಾಕುತ್ತದೆ. ಮಾಡ್ಯೂಲ್ ಓಡುವುದು ಪುಟ ಪೂರ್ತಿ ಓದಿಯಾದ ಮೇಲೆ. ಬ್ಲೇಡ್ ಮಧ್ಯೆ ಬರೆದ ಮಾಮೂಲಿ ಸ್ಕ್ರಿಪ್ಟ್ ಅದಕ್ಕಿಂತ ಮೊದಲೇ ಓಡಿಹೋಗಿರುತ್ತದೆ. ಜೊತೆಗೆ, ಮಾಡ್ಯೂಲ್ ಒಳಗಿನ ಹೆಸರು ಹೊರಗೆ ಕಾಣುವುದಿಲ್ಲ. ಹಾಗಾಗಿ ಎರಡು ಕೆಲಸ: ಜೆಕ್ವೆರಿಯನ್ನು ವಿಂಡೋ (ಎಲ್ಲ ಸ್ಕ್ರಿಪ್ಟ್‌ಗೂ ಕಾಣುವ ಬ್ರೌಸರ್‌ನ ಆಬ್ಜೆಕ್ಟ್) ಮೇಲೆ ಇಡಿ, ಮತ್ತು ಬ್ಲೇಡ್‌ನ ಸ್ಕ್ರಿಪ್ಟ್ ಟ್ಯಾಗ್‌ಗೂ ಟೈಪ್ ಮಾಡ್ಯೂಲ್ ಹಾಕಿ. ಆನ್‌ಕ್ಲಿಕ್‌ನಲ್ಲಿ ಕರೆಯುವ ಫಂಕ್ಷನ್‌ಗಳನ್ನೂ ವಿಂಡೋ ಮೇಲೆ ಇಡಬೇಕು.

ಇಷ್ಟು ಮಾಡಿದ ಮೇಲೂ ಡೇಟಾಟೇಬಲ್ಸ್, ಸೆಲೆಕ್ಟ್ 2 ಥರದ ಹಳೆಯ ಪ್ಲಗಿನ್ ‘ಜೆಕ್ವೆರಿ ಈಸ್ ನಾಟ್ ಡಿಫೈನ್ಡ್’ ಎನ್ನಬಹುದು. ಆ್ಯಪ್ ಜೆಎಸ್ ತೆರೆದು ನೋಡಿದರೆ ಸಾಲುಗಳ ಕ್ರಮ ಸರಿಯಾಗಿಯೇ ಇರುತ್ತದೆ: ಮೊದಲು ಜೆಕ್ವೆರಿ ಇಂಪೋರ್ಟ್, ಎರಡನೇ ಸಾಲಿನಲ್ಲಿ ಅದನ್ನು ವಿಂಡೋ ಮೇಲೆ ಇಟ್ಟಿದ್ದು, ಮೂರನೇ ಸಾಲಿನಲ್ಲಿ ಪ್ಲಗಿನ್ ಇಂಪೋರ್ಟ್. ಕಣ್ಣಿಗೆ ಸರಿ. ಆದರೆ ಒಂದು ಫೈಲ್‌ನ ಇಂಪೋರ್ಟ್‌ಗಳೆಲ್ಲ ಮೊದಲು ಮುಗಿದು, ಆಮೇಲೆ ಉಳಿದ ಸಾಲು ಓಡುತ್ತವೆ. ಅಂದರೆ ಮೂರನೇ ಸಾಲು ಎರಡನೆಯದಕ್ಕಿಂತ ಮೊದಲು ಓಡಿತು. ವಿಂಡೋ ಮೇಲೆ ಇಡುವ ಕೆಲಸವನ್ನು ಬೇರೆ ಪುಟ್ಟ ಫೈಲ್‌ಗೆ ಹಾಕಿ, ಅದನ್ನು ಎಲ್ಲಕ್ಕಿಂತ ಮೊದಲು ಇಂಪೋರ್ಟ್ ಮಾಡಿ. ಇಂಪೋರ್ಟ್‌ಗಳು ತಮ್ಮೊಳಗೆ ಬರೆದ ಕ್ರಮದಲ್ಲೇ ಓಡುತ್ತವೆ, ಆದ್ದರಿಂದ ಇದು ನಿಲ್ಲುತ್ತದೆ.

ಬಿಲ್ಡೇ ಆಗದಿದ್ದರೆ

ಮೊದಲು ನೋಡ್ ಜೆಎಸ್ ವರ್ಷನ್. ವೀಟ್ 7ಕ್ಕೆ 20ರ ಸಾಲಿನಲ್ಲಿ ಕನಿಷ್ಠ 20.19, ಇಲ್ಲವೇ 22.12 ಅಥವಾ ಅದಕ್ಕಿಂತ ಹೊಸದು ಬೇಕು. ‘ಕ್ರಿಪ್ಟೋ ಡಾಟ್ ಹ್ಯಾಶ್ ಈಸ್ ನಾಟ್ ಎ ಫಂಕ್ಷನ್’ ಎಂದು ಕಂಡರೆ ನೋಡ್ ಜೆಎಸ್ ಹಳೆಯದಾಗಿದೆ, ನಿಮ್ಮ ಕೋಡ್‌ನಲ್ಲಿ ಏನೂ ಇಲ್ಲ.

‘ವೀಟ್ ನಾಟ್ ಫೌಂಡ್’ ಎಂದರೆ, ಸರ್ವರ್‌ನಲ್ಲಿ ನೋಡ್ ಇಎನ್‌ವಿ ಪ್ರೊಡಕ್ಷನ್ ಎಂದಿರಬಹುದು. ಆಗ ಎನ್‌ಪಿಎಂ ಡೆವ್ ಡಿಪೆಂಡೆನ್ಸಿಗಳನ್ನು ಬಿಟ್ಟುಬಿಡುತ್ತದೆ, ವೀಟ್ ಇರುವುದು ಅಲ್ಲೇ. ಎನ್‌ಪಿಎಂ ಸಿಐ ಕಮಾಂಡ್‌ಗೆ ಇನ್‌ಕ್ಲೂಡ್ ಡೆವ್ ಸೇರಿಸಿ. ಏನೂ ಹೇಳದೆ ‘ಕಿಲ್ಡ್’ ಎಂದು ನಿಂತರೆ ಮೆಮೊರಿ ಸಾಲದು. ಚಿಕ್ಕ ಸರ್ವರ್ ಮೇಲೆ ಹಟ ಹಿಡಿಯದೆ ಬೇರೆ ಕಡೆ ಬಿಲ್ಡ್ ಮಾಡಿ ತನ್ನಿ. ವಿಂಡೋಸ್‌ನಲ್ಲಿ ಸಿಗುವ ಫೈಲ್ ಲಿನಕ್ಸ್‌ನಲ್ಲಿ ಸಿಗದಿದ್ದರೆ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ.

ನೋಡ್ ಮಾಡ್ಯೂಲ್ಸ್ ಅಳಿಸುವ ಸಮಯ ಕೂಡ ಬರುತ್ತದೆ. ರೋಲಪ್ ಅಥವಾ ಲೈಟ್ನಿಂಗ್ ಸಿಎಸ್‌ಎಸ್ ಹೆಸರಿನ ಜೊತೆ ಲಿನಕ್ಸ್ ಎಂದು ಸೇರಿಸಿ ‘ಕ್ಯಾನಾಟ್ ಫೈಂಡ್ ಮಾಡ್ಯೂಲ್’ ಎಂದು ಬಂದಾಗ. ಇವುಗಳ ಒಳಗೆ ಆಯಾ ಆಪರೇಟಿಂಗ್ ಸಿಸ್ಟಂಗೆ ಬೇರೆ ಬೇರೆ ಬೈನರಿ ಇರುತ್ತದೆ. ವಿಂಡೋಸ್‌ನಿಂದ ಫೋಲ್ಡರ್ ಕಾಪಿ ಮಾಡಿದರೆ ತಪ್ಪು ಬೈನರಿ ಬರುತ್ತದೆ. ಕಾಪಿ ಮಾಡದಿದ್ದರೂ ಐಚ್ಛಿಕ ಡಿಪೆಂಡೆನ್ಸಿಗಳ ವಿಷಯದಲ್ಲಿ ಎನ್‌ಪಿಎಂನಲ್ಲೇ ಕಂಡುಬಂದಿರುವ ಒಂದು ಬಗ್‌ನಿಂದ ಲಾಕ್ ಫೈಲ್‌ನಲ್ಲಿ ಒಂದೇ ಸಿಸ್ಟಂನದು ದಾಖಲಾಗಿರಬಹುದು. ಫೋಲ್ಡರ್ ಜೊತೆ ಲಾಕ್ ಫೈಲನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ. ಲಾಕ್ ಫೈಲ್ ಬಿಟ್ಟು ಫೋಲ್ಡರ್ ಮಾತ್ರ ಎಷ್ಟು ಸಲ ಅಳಿಸಿದರೂ ಅದೇ ಎರರ್. ಹೊಸ ಲಾಕ್ ಫೈಲ್‌ನಲ್ಲಿ ವರ್ಷನ್‌ಗಳು ಮುಂದೆ ಹೋಗಿರಬಹುದು, ಕಮಿಟ್ ಮಾಡುವ ಮುನ್ನ ವ್ಯತ್ಯಾಸ ಓದಿ.

ಕೊನೆಗೆ ಫೋನ್‌ನಲ್ಲಿ ಪರೀಕ್ಷೆ ಮಾಡುವವರಿಗೆ. ಅದೇ ವೈಫೈನಲ್ಲಿರುವ ಫೋನ್‌ನಿಂದ ಲ್ಯಾಪ್‌ಟಾಪ್‌ನ ಐಪಿ ಹಾಕಿ ತೆರೆದರೆ ಪುಟ ಬೋಳಾಗಿ ಬರುತ್ತದೆ. ಫೋನ್‌ಗೆ ಲೋಕಲ್‌ಹೋಸ್ಟ್ ಅಂದರೆ ಫೋನೇ. ವೀಟ್ ಕಾನ್ಫಿಗ್‌ನಲ್ಲಿ ಹೋಸ್ಟ್ ತೆರೆದು, ಎಚ್‌ಎಂಆರ್ (ಕೋಡ್ ಬದಲಾವಣೆ ತಕ್ಷಣ ತೋರಿಸುವ ವ್ಯವಸ್ಥೆ) ಹೋಸ್ಟ್‌ಗೆ ಲ್ಯಾಪ್‌ಟಾಪ್‌ನ ಐಪಿ ಕೊಡಬಹುದು. ಬರೀ ಹೇಗೆ ಕಾಣುತ್ತದೆ ಅಂತ ನೋಡುವುದಿದ್ದರೆ ಅಷ್ಟೆಲ್ಲ ಬೇಡ. ಡೆವ್ ಸರ್ವರ್ ನಿಲ್ಲಿಸಿ, ಹಾಟ್ ಫೈಲ್ ಹೋಗಿದೆಯಾ ನೋಡಿ, ಒಂದು ಬಿಲ್ಡ್ ಮಾಡಿ, ಆರ್ಟಿಸನ್ ಸರ್ವ್‌ಗೆ ಹೋಸ್ಟ್ 0.0.0.0 ಕೊಟ್ಟು 8000ನೇ ಪೋರ್ಟ್‌ನಲ್ಲಿ ತೆರೆಯಿರಿ.